ಗದ್ದಿಗೆಗೆ ಹಾಸಿದ ಕೆಂಪು ರಗ್ಗು

ಮಕ್ತಲ್
೨೪ ನವೆಂಬರ್ ೨೦೧೯

ಪ್ರೀತಿಯ ಹುಸೇನಮ್ಮ,

ನೀನೂ, ನಿನ್ನ ಮಗಳೂ, ಆ ಅವಳಿ ಮೊಮ್ಮಕ್ಕಳೂ ದೇವದುರ್ಗದಲ್ಲಿ ಆರಾಮಾಗಿದ್ದೀರಿ ಅಂದುಕೊಂಡು ಬರೆಯಲು ಕೂತಿದ್ದೇನೆ. ಯುಗಾದಿ ಹೊತ್ತಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ. ಬೈದುಕೋ, ಬೈಸಿಕೊಳ್ಳುವಂಥದ್ದನ್ನೇ ಮಾಡಿದ್ದೇನೆ. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಅದು ಸುಳ್ಳೂ ಅಲ್ಲ. ಆದರೆ ಕಾಗದದ ಕೊನೆಗೆ ನೀನು ಒಂದು ಮಾತು ಕೇಳಿದ್ದೆಯಲ್ಲ, "ರಾಟಿ ಮುಂದ ಕುಂದ್ರತಿಯೋ ಇಲ್ಲೋ?" ಅಂತ. ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಪ್ರತಿ ಸಲವೂ ಪೆನ್ನು ಕೆಳಗಿಟ್ಟೆ.

ಮೊದಲು ಊರ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ನಾರಾಯಣಪೇಟೆಯೂ ಈ ವರ್ಷ ಜಿಲ್ಲೆಯಾಯಿತು. ಪಾಲಮೂರು ಜಿಲ್ಲೆ ಒಂದೇ ಇದ್ದಾಗ ಎಲ್ಲಕ್ಕೂ ಒಂದೇ ದಾರಿ. ಈಗ ಮಾಗನೂರಿನ ಕೆಲಸಕ್ಕೆ ನಾರಾಯಣಪೇಟೆ, ಅಣ್ಣನ ಊರು ಗಟ್ಟಿನ ಕೆಲಸಕ್ಕೆ ಗದ್ವಾಲ. ಒಬ್ಬಳೇ ಎರಡು ಮನೆಗೆ ಸೊಸೆಯಾದ ಹಾಗಾಗಿದೆ ನನಗೆ. ನಮ್ಮವರಿಗೆ ಮೊಣಕಾಲು ನೋವು. ಹೊಲಿಗೆ ಮಷಿನ್ನು ತುಳಿಯಲಾಗದೆ ಕರೆಂಟಿನ ಮೋಟರ್ ಹಾಕಿಸಿಕೊಂಡಿದ್ದಾರೆ. ಆದರೆ ನಾಲಿಗೆಗೆ ಯಾವ ನೋವೂ ಇಲ್ಲ. ಮೊನ್ನೆ ಅಂದರು: "ಹುಸೇನಮ್ಮ ಇದ್ದಾಗ ಮನ್ಯಾಗ ಉಣ್ಣಿ ನಾರ್ತಿತ್ತು. ಈಗ ಏನೂ ನಾರಂಗಿಲ್ಲ. ನಿನ್ನ ಫೋನ್ ಒಂದ ಒದರತೈತಿ. ಫೋನಿನ್ಯಾಗ ಕಂಬಳಿ ನೇಯ್ತಿಯೇನು?"

ನಗಬೇಕೆನಿಸಿತು, ಆಗಲಿಲ್ಲ. ಈಚೆಗೆ ನಗುವುದಕ್ಕೂ ದಣಿವು.

ನೆನಪಿದೆಯಾ, ತೆಲಂಗಾಣ ಬಂದ ವರ್ಷವೇ ನಾವಿಬ್ಬರೂ 'ಕರಿಕಂಬಳಿ ಸಂಘ' ಎಂದು ಬೋರ್ಡು ಬರೆಸಿದ್ದು? ರಾಜ್ಯವೇ ಹೊಸದಾಗಿರುವಾಗ ನಾವೇಕೆ ಹಳಬರಾಗಿರಬೇಕು ಎನ್ನುವ ಹುಮ್ಮಸ್ಸು. ಮಾಗನೂರು ಕಡೆಯವರು ಮುಂಬೈಗೆ, ಪುಣೆಗೆ ದುಡಿಯಲು ಹೊರಟಾಗ ಲಾರಿ ಹತ್ತುವ ಪ್ರತಿ ಕುಟುಂಬಕ್ಕೂ ಒಂದು ಕಂಬಳಿ ಕೊಡುವುದು, ಅಷ್ಟೇ ನಮ್ಮ ಸಂಘದ ಕೆಲಸ. ಉಣ್ಣೆ ನಮ್ಮ ಕರಿ ಕುರಿಗಳದು, ನೂಲು ನಮ್ಮ ಹೆಂಗಸರದು, ನೇಯ್ಗೆ ಗಟ್ಟಿನಲ್ಲಿ ನಮ್ಮಣ್ಣ ಮಲ್ಲಣ್ಣನದು ಮತ್ತು ಅವನ ಜೊತೆಯವರದು. ಹುಣಸೆ ಬೀಜದ ಗಂಜಿ ಕುಡಿಸಿದ ಕಂಬಳಿ ತಗಡಿನ ಹಾಗೆ ನಿಲ್ಲುತ್ತಿತ್ತು. ನೂಲುವುದು ನನಗೆ ಉಸಿರಿನಷ್ಟು ಸಲೀಸು. ಆ ಸುಖಕ್ಕೇ ಸಂಘ ಕಟ್ಟಿದೆ ಎಂದರೂ ತಪ್ಪಿಲ್ಲ. ನಾಲ್ಕು ಜನಕ್ಕೆ ಉಪಕಾರವೂ ಆಗಲಿ, ನನ್ನ ರಾಟೆಯೂ ತಿರುಗಲಿ ಅಂತ.

ಆಮೇಲೆ ಹೈದರಾಬಾದಿನ ಕಂಪನಿಯೊಂದರ ದಾನದ ಕೆಲಸಕ್ಕೆಂದು ಚಂದ್ರಕಾಂತ್ ಬಂದ. ಆ ಹುಡುಗನ ಮೇಲೆ ನಿನಗೆ ಸಿಟ್ಟಿತ್ತು, ಆದರೆ ಅವನು ಕೆಟ್ಟವನಲ್ಲ ಕಣೆ. ಈಗಲೂ ಬಂದಾಗ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾನೆ, ಕೊಟ್ಟ ರೊಟ್ಟಿ ಪೂರ್ತಿ ತಿನ್ನುತ್ತಾನೆ. "ಮೇಡಂ, ನೀವು ಒಂದು ಕಂಬಳಿ ನೇಯಿಸುವಷ್ಟರಲ್ಲಿ ಚಳಿಗಾಲ ಮುಗಿಯುತ್ತದೆ. ನಾನು ಲಾರಿ ತುಂಬ ರಗ್ಗು ಕಳಿಸುತ್ತೇನೆ. ನಿಮ್ಮ ಸಂಘದ ಹೆಸರನ್ನೇ ಅಚ್ಚು ಹಾಕಿಸುತ್ತೇನೆ, ನೀವು ಹಂಚಿ" ಅಂದ. ಒಂದು ವರ್ಷಕ್ಕೆ ಮಾತ್ರ ಅಂದುಕೊಂಡೆ. ಆ ಲಾರಿ ಬಂದ ವಾರವೇ ನೀನು ಮಗಳ ಬಾಣಂತನ ಎಂದು ಗಂಟು ಕಟ್ಟಿದೆ. ನೆಪ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ನಿನಗೂ ಗೊತ್ತಿತ್ತು. ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಮಗುವಿಗೆ ಏನು ಹೆಸರಿಡಬೇಕು ಅಂತ ಮಾತಾಡಿದೆವು.

ಬಿಟ್ಟಿ ರಗ್ಗು ಸಿಗುವಾಗ ಕಂಬಳಿ ಯಾರು ಕೇಳುತ್ತಾರೆ? ಸಂಘವೂ ಕೇಳಲಿಲ್ಲ, ಸಂತೆಯಲ್ಲೂ ಕೇಳುವವರು ಇಲ್ಲವಾದರು. ನೇಯುವವರು ಒಬ್ಬೊಬ್ಬರಾಗಿ ಮಗ್ಗ ಬಿಚ್ಚಿದರು. ನಾನು ರಗ್ಗು ಹಂಚುತ್ತ, ಫೋಟೊ ಕಳಿಸುತ್ತ, ಮೀಟಿಂಗು ಎಂದು ಓಡಾಡುತ್ತ ದಿನ ಕಳೆದೆ. ಹೋದ ಚಳಿಗಾಲ ಗಟ್ಟಿನಲ್ಲೇ ಶಾಲೆಯ ಮುಂದೆ ಹಂಚಿದೆವು. ಜನ ಸಾಲಾಗಿ ಬರುತ್ತಿದ್ದರೆ ಫೋಟೊದವನು "ಮೇಡಂ, ಇಟು ಚೂಡಂಡಿ" ಎಂದು ಪ್ರತಿಯೊಬ್ಬರಿಗೂ ನನ್ನ ಮುಖ ತನ್ನ ಕಡೆ ತಿರುಗಿಸುತ್ತಿದ್ದ. ಆವತ್ತು ಅಣ್ಣನ ಮನೆಗೂ ಹೋಗಿ ಬರೋಣ ಎಂದುಕೊಂಡಿದ್ದೆ. ಮಧ್ಯಾಹ್ನ ಗದ್ವಾಲದಲ್ಲಿ ಇನ್ನೊಂದು ಕಡೆ ಹಂಚುವುದಿತ್ತು, ಆಗಲಿಲ್ಲ.

ಈಗ ಚಂದ್ರಕಾಂತ್ ಮತ್ತೆ ಕೇಳುತ್ತಿದ್ದಾನೆ. ಸಂಕ್ರಾಂತಿಯೊಳಗೆ ಎರಡೂ ಜಿಲ್ಲೆಗೆ ಹಂಚಬೇಕು, ಬೇಗ ಒಪ್ಪಿಗೆ ಕೊಡಿ ಅಂತ. ಬೇಡ ಎಂದರೆ ಸಂಘದ ಬಾಗಿಲು ಹಾಕಿದಂತೆಯೇ, ಆಫೀಸಿನ ಬಾಡಿಗೆಯಿಂದ ಹಿಡಿದು ಎಲ್ಲ ನಡೆಯುವುದು ಅವರಿಂದ. ಬೇಕು ಎಂದರೆ ನನ್ನ ರಾಟೆ ಇನ್ನು ಅಟ್ಟದಿಂದ ಇಳಿಯುವುದಿಲ್ಲ. ಇಷ್ಟೇ ವಿಷಯ ಹುಸೇನಮ್ಮ. ನೀನಿದ್ದಿದ್ದರೆ ಒಂದು ಮಾತು ಬೈದು ದಾರಿ ತೋರಿಸುತ್ತಿದ್ದೆ.

ನಾಳೆ ಮುಂದುವರಿಸುತ್ತೇನೆ. ಕಣ್ಣು ಉರಿಯುತ್ತಿದೆ.

೧೨ ಡಿಸೆಂಬರ್

ನಾಳೆ ಎಂದು ಮಡಿಚಿಟ್ಟ ಕಾಗದ ಇಷ್ಟು ದಿನ ತಲೆದಿಂಬಿನ ಕೆಳಗೇ ಇತ್ತು ನೋಡು. ಈ ನಡುವೆ ಧನ್ವಾಡಕ್ಕೆ ಮದುವೆಗೆ ಹೋಗಿದ್ದೆ. ನಿನ್ನ ಪಕ್ಕ ಕೂತು ನೂಲುತ್ತಿದ್ದಾಗ ಕೈಗಿಂತ ಬಾಯಿ ಜೋರಾಗಿ ಓಡುತ್ತಿದ್ದ ಕುರುಮಮ್ಮ ಇದ್ದಳಲ್ಲ, ಅವಳ ಮಗಳು ಹರಿತಾಳ ಮದುವೆ. "ಭಾಗ್ಯಕ್ಕ ಬರ್ಲಿಲ್ಲಂದ್ರ ಅಕ್ಷತಿ ಹಾಕಂಗಿಲ್ಲ" ಎಂದು ಹೇಳಿಕಳಿಸಿದ್ದಳು.

ಹಂದರ ಚೆನ್ನಾಗಿ ಹಾಕಿದ್ದರು. ಡೊಳ್ಳಿನವರು ಬಂದಿದ್ದರು. ಪೂಜಾರಿ ಶರಣಯ್ಯಜ್ಜ ಗದ್ದಿಗೆ ಹಾಕಲು ಕೂತ. ನಮ್ಮಲ್ಲಿ ಹೇಗೆಂದು ನಿನಗೆ ಗೊತ್ತೇ ಇದೆ. ಕರಿ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿಯಲ್ಲಿ ಗೆರೆ ಬರೆದು, ಬೀರಪ್ಪನನ್ನು ನೆನೆದು, ಆಮೇಲೆ ಮದುಮಕ್ಕಳನ್ನು ಕೂರಿಸುವುದು. ಕಂಬಳಿ ಹಾಸಿದ ಮೇಲೆ ಅದು ಬರೀ ಹಾಸಿಗೆಯಲ್ಲ, ದೇವರು ಕೂರುವ ಜಾಗ. ಕುರುಮಮ್ಮ ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದು, ಅದರೊಳಗಿಂದ ಮಡಿಕೆ ಕೂಡ ಬಿಚ್ಚಿರದ ಕೆಂಪು ರಗ್ಗು ತೆಗೆದು ಹಾಸಿದಳು. ಮೂಲೆಯಲ್ಲಿ ತೆಲುಗು ಅಕ್ಷರದಲ್ಲಿ ನಮ್ಮ ಸಂಘದ ಹೆಸರು.

ಶರಣಯ್ಯಜ್ಜ ಕೈ ಹಿಂದಕ್ಕೆಳೆದುಕೊಂಡ. "ಕರಿ ಕಂಬಳಿ ಎಲ್ಲೈತವ್ವಾ?"

"ಅದು ನುಸಿ ಹಿಡದು ಹೋತ್ರಿ ಅಜ್ಜಾ. ಇದು ನಮ್ಮ ಭಾಗ್ಯಕ್ಕನ ಸಂಘದ್ದು. ಮಗಳ ಮದಿವಿಗಂತ ಮುಟ್ಟದಂಗ ಎತ್ತಿಟ್ಟಿದ್ದೆ. ದೇವರ ಗದ್ದಿಗಿ ಮ್ಯಾಲೆ ಅಕ್ಕನ ಹೆಸರಿರ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಕುರುಮಮ್ಮನ ಮುಖ ನೀನು ನೋಡಬೇಕಿತ್ತು. ತನ್ನಲ್ಲಿರುವ ಅತಿ ದೊಡ್ಡ ಮರ್ಯಾದೆಯನ್ನು ನನಗೆ ಮಾಡುತ್ತಿದ್ದೇನೆ ಎನ್ನುವ ಮುಖ ಅದು. ಅಜ್ಜ ನನ್ನನ್ನೇ ಕೇಳಿದ: "ಭಾಗ್ಯಮ್ಮ, ನೀವೇ ಹೇಳ್ರಿ. ಇದು ನಡೀತೈತೇನು?"

ಏನು ಹೇಳಲಿ ಹುಸೇನಮ್ಮ? ಹಂದರದ ತುಂಬ ಬೀಗರಿದ್ದಾರೆ. ನಡೆಯುವುದಿಲ್ಲ ಎಂದರೆ ಆ ತಾಯಿ ಎಲ್ಲಿ ಮುಖ ಇಟ್ಟುಕೊಳ್ಳಬೇಕು? "ನಡೀತೈತ್ರಿ" ಅಂದೆ. ಹಾಗಾದರೆ ಗೆರೆ ನೀವೇ ಬರೆಯಿರಿ ಎಂದು ಅಕ್ಕಿಯ ತಟ್ಟೆ ನನ್ನ ಕೈಗೇ ಕೊಟ್ಟರು.

ಕಂಬಳಿಯ ಮೇಲೆ ಅಕ್ಕಿ ಎಷ್ಟು ಚೆಂದ ಕಾಣುತ್ತದೆ, ಕಪ್ಪಿನ ಮೇಲೆ ಬಿಳಿ. ರಗ್ಗಿನ ಮೇಲೆ ನಾನು ಬಿಟ್ಟ ಅಕ್ಕಿ ಆ ಜುಂಗಿನೊಳಗೆ ಇಳಿದು ಹೋಯಿತು. ಗೆರೆ ಮೂಡಲಿಲ್ಲ. ಇನ್ನಷ್ಟು ಬಿಟ್ಟೆ, ಅದೂ ಹೋಯಿತು. ಕೊನೆಗೆ ಅಜ್ಜ, "ಬೀರಪ್ಪಗ ಕಾಣತೈತಿ ಬಿಡ್ರಿ" ಎಂದು ಮದುಮಕ್ಕಳನ್ನು ಕೂರಿಸಿದ. ಹರಿತಾ ಕೂತವಳೇ ನನ್ನ ಸೆರಗು ಜಗ್ಗಿ ಮೆಲ್ಲಗೆ, "ಅತ್ತಿ, ಕಂಬಳಿ ಗತೆ ಚುಚ್ಚಂಗಿಲ್ಲ, ಮೆತ್ತಗ ಚೊಲೋ ಐತಿ" ಅಂದಳು. ಮಗು ಖುಷಿಯಾಗಿದ್ದಳು. ನಾನು ಅಕ್ಷತೆ ಹಾಕಿದೆ, ಹೋಳಿಗೆ ಉಂಡೆ, ಎಲ್ಲರ ಜೊತೆ ಮಾತಾಡಿದೆ. ಒಳಗೆ ಮಾತ್ರ ಅತ್ತುಬಿಡುವ ಹಾಗಿತ್ತು. ಯಾರ ಮೇಲೆ ಸಿಟ್ಟು ಮಾಡಲಿ? ಅಲ್ಲಿ ತಪ್ಪು ಮಾಡಿದವರೇ ಯಾರೂ ಇರಲಿಲ್ಲ.

ಬಸ್ಸಿನಲ್ಲಿ ನಮ್ಮವರು, "ನಿನ್ನ ಹೆಸರಿನ ಮ್ಯಾಲೆ ಕುಂತು ಮದಿವಿ ಆತು, ಮತ್ತ ಮಾರಿ ಯಾಕ ಹಂಗ ಮಾಡೀದಿ?" ಎಂದು ಕಿಚಾಯಿಸಿದರು. ಮರಿಕಲ್ ದಾಟಿದ ಮೇಲೆ ತಾವಾಗಿಯೇ, "ರಾಟಿ ಕೆಳಗ ಇಳಸ್ಲೇನು?" ಅಂದರು. ಮೊಣಕಾಲು ನೋವಿನ ಮನುಷ್ಯ ಅಟ್ಟ ಹತ್ತುತ್ತೇನೆ ಅನ್ನುತ್ತಾರೆ.

ಮಾರನೆಯ ದಿನ ಚಂದ್ರಕಾಂತನಿಗೆ ಫೋನು ಮಾಡಿ ಈ ವರ್ಷ ಲಾರಿ ಬೇಡ ಅಂದೆ. ಅವನಿಗೆ ನಂಬಲಾಗಲಿಲ್ಲ. "ಚಳಿಗೆ ನಡುಗುವವರಿಗೆ ಕೆಂಪಾದರೇನು ಕರಿದಾದರೇನು ಮೇಡಂ?" ಎಂದು ಕೇಳಿದ. ನ್ಯಾಯವಾದ ಮಾತೇ. ರಗ್ಗು ಹಂಚುವುದನ್ನು ನಿಲ್ಲಿಸಬೇಡಪ್ಪ, ಹಂಚಲು ಬೇರೆಯವರು ಬೇಕಾದಷ್ಟು ಜನ ಸಿಗುತ್ತಾರೆ, ಹೆಸರುಗಳನ್ನೂ ನಾನೇ ಕೊಡುತ್ತೇನೆ. ಆದರೆ ಕಂಬಳಿ ಮಾಡುವವರು ಇನ್ನು ಸಿಗುವುದಿಲ್ಲ, ನಾನು ಆ ಕಡೆ ಹೋಗುತ್ತೇನೆ ಅಂದೆ. ಅದಕ್ಕೆ ಅವನು, "ಆದರೂ ನಿಮ್ಮ ಮನೆಗೆ ರೊಟ್ಟಿಗೆ ಬರಬಹುದಾ?" ಎಂದು ಕೇಳಿದ. ಹೇಳಿದೆನಲ್ಲ, ಕೆಟ್ಟವನಲ್ಲ.

ಆಫೀಸು ಖಾಲಿ ಮಾಡುತ್ತಿದ್ದೇನೆ. ಬೋರ್ಡು ನಮ್ಮ ಮನೆಯ ಪಡಸಾಲೆಗೆ ಬರುತ್ತದೆ. ವರ್ಷಕ್ಕೆ ಕೈಬೆರಳೆಣಿಕೆಯಷ್ಟು ಕಂಬಳಿ ಆದರೆ ಆಯಿತು. ಗೆದ್ದೆ ಎಂದು ಅನಿಸುತ್ತಿಲ್ಲ, ಸುಳ್ಳು ಹೇಳುವುದಿಲ್ಲ. ಬಹಳ ದೂರ ನಡೆದು ಹೋಗಿ, ಅದು ನಮ್ಮೂರಲ್ಲ ಎಂದು ತಿಳಿದು ತಿರುಗಿ ನಡೆಯುತ್ತಿರುವ ಹಾಗಿದೆ. ಕಾಲು ಸೋತಿದೆ.

ನೀನು ಕೇಳಿದ್ದಕ್ಕೆ ಉತ್ತರ ಈ ಕಾಗದಕ್ಕೆ ಸುತ್ತಿದೆ, ಬಿಚ್ಚುವಾಗ ಹರಿಯಬೇಡ. ನಾನೇ ನೂತದ್ದು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುವೆ ಗಂಟು. ಬೆರಳಿಗೆ ಮರೆತುಹೋಗಿದೆ. ನಗಬೇಕೆನಿಸಿದರೆ ನಕ್ಕುಬಿಡು. ಆದರೆ ಬಿಸಾಡಬೇಡ.

ಅವಳಿಗಳಿಗೆ ಬೀರಪ್ಪ ಆಯುಷ್ಯ ಕೊಡಲಿ. ಮಗಳಿಗೆ ನನ್ನ ಆಶೀರ್ವಾದ. ನಿನಗೆ ಏನು ಹರಸಲಿ, ನನಗಿಂತ ಎರಡು ತಿಂಗಳು ದೊಡ್ಡವಳು ನೀನು. ನೀನೇ ನನ್ನನ್ನು ಹರಸು.

ನಿನ್ನ
ಭಾಗ್ಯ

ಮತ್ತೊಂದು ಮಾತು: ಇದನ್ನು ಬರೆಯದೆ ಅಂಟಿಸಿಬಿಡೋಣ ಅಂದುಕೊಂಡಿದ್ದೆ. ನಿನ್ನೆ ಗಟ್ಟಿಗೆ ಹೋಗಿದ್ದೆ. ಹರಿತಾಳಿಗೆ ಒಂದು ಕರಿ ಕಂಬಳಿ ನೇಯ್ದುಕೊಡು ಎಂದು ಅಣ್ಣನನ್ನು ಕೇಳಲು. ಅವನ ಮಗ್ಗದ ಮೇಲೆ ಬಟ್ಟೆ ಒಣಗಲು ಹಾಕಿದ್ದರು. "ನೂಲು ತಾ, ನೇಯ್ತೀನಿ" ಅಂದ. ಏಳುವಾಗ ನೋಡಿದೆ, ಅವನ ಹೊರಸಿನ ಮೇಲೆ ಮಡಿಚಿಟ್ಟ ಕೆಂಪು ರಗ್ಗು. ಇದೆಲ್ಲಿದು ಅಣ್ಣಾ ಎಂದೆ.

"ನೀನಽ ಕೊಟ್ಟಿದ್ದಿ. ಹೋದ ವರ್ಷ, ಸಾಲಿ ಮುಂದ. ಚಳಿ ಬಾಳ ಇತ್ತು, ಮನ್ಯಾಗಿನ ಕಂಬಳಿ ಮಾರಿದ್ದೆ. ನಾನೂ ಲೈನಿನ್ಯಾಗ ನಿಂತೆ. ಮಾರಿಗೆ ಟವೆಲ್ ಸುತ್ತಿದ್ದೆ, ನಿನಗ ಗುರ್ತ ಸಿಗಲಿಲ್ಲ. ನೀ ಆ ಫೋಟೊದವನ ಕಡಿ ನೋಡ್ತಿದ್ದಿ."

ಕರೆಯಬಾರದಿತ್ತಾ ಅಣ್ಣಾ ಎಂದೆ.

"ಕರೀಬೇಕಂತ ಬಾಯಿ ತೆಗದೆ. ಹಿಂದ ಮಂದಿ ನಿಂತಿದ್ರು, ಮುಂದ ಸರದೆ."

ಅವನಿಗೆ ನೂಲು ಬೇಗ ಮುಟ್ಟಿಸಬೇಕು ಹುಸೇನಮ್ಮ. ನನ್ನೊಬ್ಬಳ ಕೈಲಿ ಆಗುತ್ತಿಲ್ಲ. ಬಾ.