ಬೆರಳು ತೋರಿಸಿದರೆ ಗುಡ್ಡ ನುಂಗಿದ ಕಚೇರಿಗೆ

ಮಾನ್ಯ ಜಿಲ್ಲಾ ಭೂ ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮ ಗುಡ್ಡವನ್ನು ನಮಗೆ ವಾಪಸು ಕೊಡಿ. ಕ್ಷೇಮಸಮಾಚಾರ ಆಮೇಲೆ ಮಾತಾಡೋಣ.

ಗುಡ್ಡ ಎಲ್ಲಿಗೂ ಓಡಿಹೋಗಿಲ್ಲ, ನಿಜ. ಈ ಬೆಳಿಗ್ಗೆಯೂ ಗೋಲೊ ತೆರಂಗ್ ಊರಿನ ಬೆನ್ನಿಗೇ ನಿಂತಿತ್ತು. ಆದರೆ ಅದರ ಇಳಿಜಾರಿನಲ್ಲಿ ನಿಮ್ಮವರು ನೆಟ್ಟುಹೋದ ಹಳದಿ ಫಲಕ ಬೇರೆ ಕಥೆ ಹೇಳಿತು: ‘ವಾರಸುದಾರರಿಲ್ಲದ ನಿದ್ರಿಸುವ ಭೂಮಿ. ಸರ್ಕಾರದ ಸ್ವತ್ತು. ಪ್ರವೇಶ ಇಲ್ಲ.’ ನನ್ನ ಅಜ್ಜನ ಅಜ್ಜ ಜೋಳ ಬಿತ್ತಿದ ಜಾಗಕ್ಕೆ ನಾನು ಕಾಲಿಟ್ಟರೆ ಕಳ್ಳ. ನಿಮ್ಮ ಫಲಕ ನಿಂತರೆ ಅದು ಕಾನೂನು. ಭಲೇ!

ನಾನು ಯಾರೆಂದು ಕೇಳುತ್ತೀರೋ? ನಮ್ಮೂರಿನಲ್ಲಿ ಇಂಥ ಪತ್ರ ಬರೆಯಬಲ್ಲವರು ಇಬ್ಬರೇ. ಇನ್ನೊಬ್ಬರು ಚರ್ಚಿನ ಪಾದ್ರಿಗಳು, ಅವರಿಗೆ ಸಿಟ್ಟು ಮಾಡಿಕೊಳ್ಳುವ ಅನುಮತಿಯಿಲ್ಲ. ನಾನು ಓದಿದ್ದು ಊರ ಶಾಲೆಯ ಆರನೆಯ ಇಯತ್ತೆಯವರೆಗೆ. ಮುಂದೆ ಓದಲಿಲ್ಲ ಏಕೆಂದರೆ ಮುಂದೆ ಶಾಲೆಯೇ ಇರಲಿಲ್ಲ, ಬುದ್ಧಿ ಮುಗಿದಿತ್ತೆಂದಲ್ಲ. ಮೂರು ಕಣಿವೆಯಲ್ಲಿ ನನ್ನಷ್ಟು ಚೆನ್ನಾಗಿ ಎಮ್ಮೆ ಪಳಗಿಸುವವನಿಲ್ಲ, ನನ್ನಷ್ಟು ಸೊಗಸಾಗಿ ಸುಳ್ಳು ಹೇಳುವವನೂ ಇಲ್ಲ. ಆದ್ದರಿಂದ ಸುಳ್ಳನ್ನು ಕಂಡರೆ ದೂರದಿಂದಲೇ ಗುರುತು ಹಿಡಿಯುತ್ತೇನೆ. ನಿಮ್ಮ ಫಲಕವನ್ನು ಊರ ಬಾವಿಯ ಹತ್ತಿರದಿಂದಲೇ ಹಿಡಿದೆ.

ನೀವು ಈ ದ್ವೀಪದ ಬೆಟ್ಟದವರಲ್ಲ, ಹಡಗು ಹತ್ತಿ ವರ್ಗವಾಗಿ ಬಂದವರು. ಹಾಗಾಗಿ ಎರಡು ಮಾತು ಹೇಳಬೇಕಾಗಿದೆ. ನಮ್ಮ ಮಂಗರಾಯಿ ಜನರ ಹೊಲ ಚೌಕವಲ್ಲ, ದುಂಡಗೆ. ನಟ್ಟನಡುವೆ ಒಂದು ಗೂಟ. ಗೂಟದಿಂದ ಹೊರಟ ಗೆರೆಗಳು ಅಂಚಿನವರೆಗೂ ಹರಿಯುತ್ತವೆ, ಜೇಡರ ಬಲೆಯ ಹಾಗೆ. ಪಾಲು ಹಂಚುವುದು ಗೂಟದ ಬುಡದಲ್ಲಿ, ಊರಿನ ಭೂಮಿ ಹಂಚುವ ಹಿರಿಯನ ಬೆರಳಿನಿಂದ. ಒಂದು ಬೆರಳು ಎಂದರೆ ಗೂಟದ ಬಳಿ ಒಂದು ಬೆರಳಗಲ. ಅಲ್ಲಿಂದ ಅಗಲವಾಗುತ್ತಾ ಅಗಲವಾಗುತ್ತಾ ಅಂಚಿಗೆ ಬರುವಷ್ಟರಲ್ಲಿ ಆ ಬೆರಳಿನಲ್ಲಿ ಒಂದು ಮದುವೆಯ ದಿಬ್ಬಣವೇ ಕುಣಿಯಬಹುದು. ಐದು ಬೆರಳೂ ಒಂದೇ ಸಮ ಇರುವುದಿಲ್ಲವಲ್ಲ, ಹಾಗೆಯೇ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ. ನನ್ನದು ಒಂದೂವರೆ. ನನ್ನ ತಂಗಿಯ ಮಗಳು ಮೆಲಾನಿಯಾಳದು ಒಂದು.

ಈ ಪತ್ರ ನನ್ನ ಒಂದೂವರೆಯ ಬಗ್ಗೆ ಅಲ್ಲ, ಅವಳ ಒಂದರ ಬಗ್ಗೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಭೂಮಿ ಸುಲಭವಾಗಿ ಸಿಗುವುದಿಲ್ಲ. ಅವರಿಗೆ ಗಂಡನ ಮನೆಯ ಭೂಮಿ, ಗಂಡನ ಮನೆಯ ಒಲೆ, ಗಂಡನ ಮನೆಯ ಬೈಗುಳ. ಮೆಲಾನಿಯಾಳ ಅಪ್ಪ ಸಾಯುವ ಮುಂಚೆ ಊರನ್ನೆಲ್ಲ ಕರೆದು, ಹಂದಿ ಕಡಿದು, ‘ನನ್ನ ಪಾಲಿನಿಂದ ಒಂದು ಬೆರಳು ಮಗಳಿಗೆ’ ಎಂದ. ಅವಳ ಅಣ್ಣಂದಿರು ಹೂಂ ಎಂದರು. ಹಿರಿಯ ಙಂಬುತ್ ಅಜ್ಜ ಗೂಟದ ಮೇಲೆ ಬೆರಳಿಟ್ಟ. ಅಂದು ಆ ಹುಡುಗಿ ಅತ್ತದ್ದನ್ನು ನಾನು ನೋಡಿದ್ದೇನೆ. ‘ಮಾವ, ಇನ್ಮೇಲೆ ಯಾರೂ ನನ್ನ ಎದ್ದು ನಡಿ ಅನ್ನೋ ಹಾಗಿಲ್ಲ ಅಲ್ವಾ?’ ಎಂದಳು. ‘ಯಾವನಾದ್ರೂ ಅಂದ್ರೆ ನನ್ನ ಹತ್ರ ಕಳ್ಸು’ ಎಂದೆ. ನೀವು ಅಂದಿದ್ದೀರಿ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ.

ತನ್ನ ಬೆರಳಿನ ಅಂಚಿಗೆ ಕಾಫಿ ಹಾಕಬೇಕೆಂದು ಅವಳು ಸಸಿ ಎಬ್ಬಿಸಿದ್ದಳು. ಬಾಳೆಯ ನೆರಳಿನಲ್ಲಿಟ್ಟ ಆ ಸಸಿಗಳ ಬೇರುಗಳು ಆಗಲೇ ಪ್ಲಾಸ್ಟಿಕ್ ಚೀಲ ಹರಿದು ಹೊರಗಿಣುಕುತ್ತಿದ್ದವು. ಅವಕ್ಕೆ ನಿಮ್ಮ ಫಲಕ ಓದಲು ಬರುವುದಿಲ್ಲ.

ಈಗ ನಿಮ್ಮವರು ಅಳೆಯಲು ಬಂದ ದಿನಕ್ಕೆ ಬರೋಣ. ಅದು ನಾವು ಹೊಲವನ್ನು ಬೀಳು ಬಿಟ್ಟ ವರ್ಷ. ಕೆಲವು ಬೆಳೆ ತೆಗೆದ ಮೇಲೆ ಭೂಮಿಗೆ ಬಿಡುವು ಕೊಡುವುದು ನಮ್ಮ ಪದ್ಧತಿ. ಎಲ್ಲೆಲ್ಲೂ ಹುಲ್ಲು, ಒಳಗಿನ ಗೆರೆಗಳೆಲ್ಲ ಮುಚ್ಚಿಹೋಗಿರುತ್ತವೆ. ಇಬ್ಬರು ಯುವಕರು ಮೂರು ಕಾಲಿನ ಯಂತ್ರವನ್ನು ಹುಲ್ಲಿನಲ್ಲಿ ನಿಲ್ಲಿಸಿ ಙಂಬುತ್ ಅಜ್ಜನನ್ನು ಕೇಳಿದರು. ಅಜ್ಜನಿಗೆ ಕಿವಿ ಮಂದ. ಹಾಗಾಗಿ ಮಾತುಕತೆ ಕಣಿವೆಗೆಲ್ಲ ಕೇಳಿಸಿತು.

‘ಅಜ್ಜಾ, ಈ ಜಾಗ ಈಗ ಏನ್ ಮಾಡ್ತಿದೆ?’

‘ಏನ್ ಮಾಡ್ತಿದೆ ಅಂದ್ರೆ? ಮಲ್ಗಿದೆ! ಹಿಂಗ್ ಕಿರುಚ್ಬೇಡ್ರಪ್ಪಾ, ಎದ್ದುಬಿಟ್ಟೀತು!’

‘ಬೇಲಿ ಎಲ್ಲಿ?’

‘ಒಳಗ್ಯಾಕೆ ಬೇಲಿ? ನಾವೇನ್ ಹಂದಿಗಳಾ?’

‘ಹೋಗ್ಲಿ, ಯಾರ್‍ಯಾರಿಗೆ ಎಷ್ಟೆಷ್ಟು ಅಗಲ ಇದೆ ಹೇಳಿ.’

ಅಜ್ಜ ಗೂಟದ ಬಳಿ ಕುಕ್ಕರಗಾಲಲ್ಲಿ ಕುಳಿತು ಭಕ್ತಿಯಿಂದ ಹೇಳಿದ: ‘ಬೊನೆಫಾಸಿಯುಸ್‌ಗೆ ಒಂದೂವರೆ ಬೆರಳು. ಮೆಲಾನಿಯಾಗೆ ಒಂದು ಬೆರಳು...’ ಇಡೀ ಊರಿನ ಪಾಲನ್ನು ಹಾಗೆಯೇ ಒಪ್ಪಿಸಿದ. ಯುವಕರು ಮುಖ ಮುಖ ನೋಡಿಕೊಂಡರು, ಬರೆದುಕೊಂಡರು, ನಮ್ಮ ಮನೆಯಲ್ಲಿ ಗೆಣಸು ತಿಂದು ಕಾಫಿ ಕುಡಿದು ಹೋದರು.

ಬಂದ ಆದೇಶ ಏನೆಂದು ನಿಮಗೆ ಗೊತ್ತು, ಕೆಳಗೆ ನಿಮ್ಮದೇ ಮೊಹರಿದೆ. ಊರವರೆಲ್ಲರ ಬೆರಳು ಕೂಡಿದರೆ ಒಂದು ಚಾಪೆಯಷ್ಟು ಜಾಗ. ಅಷ್ಟು ಮಾತ್ರ ಊರವರದು. ಉಳಿದ ಗುಡ್ಡಕ್ಕೆ ಯಾರೂ ಹಕ್ಕು ಹೇಳಿಲ್ಲ, ಆದ್ದರಿಂದ ಸರ್ಕಾರದ್ದು. ಇನ್ನು ಮೆಲಾನಿಯಾಳ ಪಾಲು ಹಕ್ಕುಪತ್ರ ಮಾಡಿಕೊಡಲು ತೀರಾ ಚಿಕ್ಕದು, ಅವಳು ಹಾಕಿದ್ದ ಅರ್ಜಿ ವಜಾ. ಬೆರಳು ತೋರಿಸಿದರೆ ಹಸ್ತ ನುಂಗುವವರ ಬಗ್ಗೆ ಕೇಳಿದ್ದೆ. ಗುಡ್ಡ ನುಂಗಿದವರನ್ನು ಕಂಡದ್ದು ಇದೇ ಮೊದಲು. ಅಜೀರ್ಣವಾಗಲಿಲ್ಲವೇ, ಮಾನ್ಯರೇ? ಅಥವಾ ಒಂದು ಬೆರಳಗಲದ ಭೂಮಿಯಲ್ಲಿ ನಾವು ಇಷ್ಟು ತಲೆಮಾರು ಜೋಳ ಬೆಳೆದು ತಿಂದೆವೆಂದು ನಿಜಕ್ಕೂ ನಂಬಿದ್ದೀರೋ? ನಂಬಿದ್ದರೆ ನಮಗೆ ಕೃಷಿ ಪ್ರಶಸ್ತಿ ಎಲ್ಲಿ?

ನಾವು ಸುಮ್ಮನೆ ಕೂರಲಿಲ್ಲ. ಮೆಲಾನಿಯಾಳನ್ನು ಕರೆದುಕೊಂಡು, ಮರದ ಬೆಂಚಿನ ಲಾರಿಯಲ್ಲಿ ಅಕ್ಕಿಮೂಟೆ ಮತ್ತು ಯಾರದೋ ಆಡಿನ ನಡುವೆ ಕುಲುಕುತ್ತಾ ನಿಮ್ಮ ಕಚೇರಿಗೆ ಬಂದೆವು. ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ: ‘ಮಾವ, ಅಲ್ಲಿ ನೀವು ಜಂಬ ಕೊಚ್ಚಬೇಡಿ. ನಾನು ಮಾತಾಡ್ತೀನಿ.’

ಗುಮಾಸ್ತರು ಒಳಗಿನಿಂದಲೇ ಕೂಗಿದರು: ‘ಏ, ಆ ಬೆರಳಿನೋರು ಬಂದ್ರು ನೋಡ್ರೋ!’ ಕಚೇರಿಯೆಲ್ಲ ನಕ್ಕಿತು.

ಮೆಲಾನಿಯಾ ಕೆಂಪಾದಳು. ಆದರೂ ನಿಂತೇ ಇದ್ದಳು. ‘ಸಾರ್, ಅಂಚಲ್ಲಿ ಬಂದು ಅಳೀರಿ. ಗೂಟದ ಹತ್ರ ಅಲ್ಲ.’

‘ನೋಡಮ್ಮಾ, ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು, ಉತ್ತರಕ್ಕೆ ಯಾರು, ದಕ್ಷಿಣಕ್ಕೆ ಯಾರು, ನಾಲ್ಕು ಹೇಳು.’

‘ಎರಡೇ ಸಾರ್. ಈ ಕಡೆ ಮಾವ, ಆ ಕಡೆ ಅಣ್ಣ. ಕೆಳಗೆ ಬೇಲಿ. ಮೇಲೆ ಗೂಟ.’

‘ನಾಲ್ಕು ಮೂಲೆ ಇಲ್ದಿರೋದು ಜಮೀನೇ ಅಲ್ಲಮ್ಮ.’

ಆಗ ನನಗೆ ತಡೆಯಲಾಗಲಿಲ್ಲ. ‘ಹಂಗಾದ್ರೆ ಸ್ವಾಮಿ, ನಿಮ್ಮ ತಲೆನೂ ದುಂಡಗಿದೆ. ಅದು ಸರ್ಕಾರದ್ದೋ ನಿಮ್ದೋ?’

ನಮ್ಮನ್ನು ಹೊರಗೆ ಕಳಿಸಲಾಯಿತು. ಮೆಲಾನಿಯಾ ಬೀದಿಯಲ್ಲಿ ನನ್ನನ್ನು ಬೈದಳು, ಆಮೇಲೆ ನಕ್ಕಳು. ಲಾರಿ ಹತ್ತಿದ ಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಕುಳಿತಳು. ಊರು ಬರುವ ತನಕ ಅವಳ ಭುಜ ಅಲುಗುತ್ತಿದ್ದುದು ರಸ್ತೆಯ ಹೊಂಡಗಳಿಂದ ಎಂದು ನಾನೂ ನಟಿಸಿದೆ.

ಒಂದು ಮಾತು ಕೇಳುತ್ತೇನೆ. ಮಲಗಿದ್ದಕ್ಕೆ ವಾರಸುದಾರರಿಲ್ಲವೆಂದು ಯಾವ ಶಾಲೆಯಲ್ಲಿ ಕಲಿಸುತ್ತಾರೆ? ಅಂದು ನಿಮ್ಮ ಕಚೇರಿಯ ಕಿಟಕಿ ಪಕ್ಕದ ಮೇಜಿನವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅವರ ಎದೆಯ ಮೇಲೆ ಹಳದಿ ಫಲಕ ನೆಟ್ಟು ಮನೆಗೆ ಹೊತ್ತುಕೊಂಡು ಬರಬೇಕೆಂದು ನನಗೆ ತೋಚಲಿಲ್ಲ, ಏಕೆಂದರೆ ಅವರಿಗೆ ಹೆಂಡತಿ ಇರುತ್ತಾರೆಂದು ನನಗೆ ಗೊತ್ತು. ನಮ್ಮ ಭೂಮಿಗೂ ನಾವಿದ್ದೇವೆ. ಮಗು ಮಲಗಿದೆಯೆಂದರೆ ತಾಯಿ ಸತ್ತಳೆಂದು ಅರ್ಥವೇ?

ಫಲಕ ಬಂದ ವಾರವೇ ಕಪ್ಪು ಕನ್ನಡಕದ ಒಬ್ಬ ಮನುಷ್ಯ ಗುಡ್ಡ ಹತ್ತಿದ. ಮಣ್ಣು ಮುಟ್ಟಲಿಲ್ಲ, ಬರೀ ಸಮುದ್ರ ನೋಡಿದ. ‘ಇಲ್ಲಿ ಸೂರ್ಯ ಮುಳುಗೋದು ಭಾರಿ ಚೆನ್ನಾಗಿ ಕಾಣ್ತದೆ. ವಿಲ್ಲಾಗಳಿಗೆ ಹೇಳಿ ಮಾಡಿಸಿದ ಜಾಗ’ ಎಂದ. ನಮಗೂ ಚೆನ್ನಾಗಿಯೇ ಕಾಣುತ್ತದೆ, ಮಾನ್ಯರೇ. ಆದರೆ ಅದನ್ನು ನೋಡಲೆಂದು ಯಾರನ್ನೂ ಎಬ್ಬಿಸಿ ಓಡಿಸಿಲ್ಲ. ವಾರಸುದಾರರಿಲ್ಲದ ಗುಡ್ಡದ ಸುದ್ದಿ ಪಟ್ಟಣದ ಆ ಕನ್ನಡಕಕ್ಕೆ ನಮಗಿಂತ ಮೊದಲೇ ಮುಟ್ಟಿದ್ದು ಹೇಗೆ? ಗಾಳಿ ಹೇಳಿತೋ, ಗುಮಾಸ್ತರು ಹೇಳಿದರೋ? ನಾನು ಯಾರತ್ತವೂ ಬೆರಳು ತೋರಿಸುವುದಿಲ್ಲ. ಬೆರಳು ತೋರಿಸಿ ಕೆಟ್ಟವರು ನಾವು.

ಹಾಗಾಗಿ ಒತ್ತಾಯ ಇದು. ಆದೇಶ ರದ್ದು ಮಾಡಿ. ನೀವೇ ಬನ್ನಿ, ಹುಡುಗರನ್ನು ಕಳಿಸಬೇಡಿ. ಗೂಟದಿಂದ ಹೊರಟು ಬೇಲಿಯವರೆಗೆ ನಡೆದು ಅಳೆಯಿರಿ. ದುಂಡಗಿನ ಹೊಲವನ್ನು ದುಂಡಗೇ ಬರೆಯಿರಿ. ಮೊದಲ ಹಕ್ಕುಪತ್ರವನ್ನು ಮೆಲಾನಿಯಾಳ ಹೆಸರಿಗೆ, ಅವಳ ಕೈಗೇ ಕೊಡಿ.

ಇನ್ನೊಂದು ವಿಷಯವನ್ನು ನಿಮಗೆ ತಿಳಿಸಲೇಬೇಕು. ಭೂಮಿ ಎದ್ದಿದೆ. ಮೊದಲ ಮಳೆ ಬಿದ್ದ ಕೂಡಲೇ ಊರೆಲ್ಲ ಸೇರಿ ಹುಲ್ಲು ಕಿತ್ತು, ಗೂಟದಿಂದ ಹಗ್ಗ ಎಳೆದು, ಗೆರೆ ಹಾಕಿ ಬಿತ್ತಿದೆವು. ಕಾಫಿ ಸಸಿಗಳೂ ನೆಲ ಕಂಡವು. ಹಗ್ಗ ಎಳೆದಾಗ ನಿಮ್ಮ ಫಲಕ ಸರಿಯಾಗಿ ಮೆಲಾನಿಯಾಳ ಬೆರಳೊಳಗೆ ಬಿತ್ತು. ನಾನು ಕಿತ್ತೆಸೆಯಲು ಹೋದೆ. ‘ಬೇಡ ಮಾವ, ಗಟ್ಟಿ ಕಂಬ, ಇರ್ಲಿ’ ಎಂದು ಅವಳು ಅದರ ಬುಡಕ್ಕೆ ಅವರೆ ಊರಿದಳು. ನಮ್ಮನ್ನು ಹಿಡಿಯಲು ಪೊಲೀಸರನ್ನು ಕಳಿಸುವುದಾದರೆ ದೊಡ್ಡ ವಾಹನ ಕಳಿಸಿ, ಊರಿಗೆ ಊರೇ ಬರುತ್ತದೆ. ಲಾಕಪ್ಪಿನಲ್ಲೂ ದುಂಡಗೇ ಕೂರುತ್ತೇವೆ.

ಬಳ್ಳಿ ಈಗ ಫಲಕದ ನೆತ್ತಿ ದಾಟಿದೆ. ‘ಸರ್ಕಾರ’ ಎಲೆಯಡಿ ಹೋಗಿದೆ, ‘ನಿದ್ರಿಸುವ’ ಮುಚ್ಚಿಹೋಗಿದೆ. ಕೊನೆಯ ಸಾಲಿನಲ್ಲಿ ‘ಇಲ್ಲ’ ಎಂಬುದರ ಮೇಲೆ ನಿನ್ನೆ ಹೂ ಬಿಟ್ಟಿತು. ಇನ್ನು ಓದಲು ಸಿಗುವುದು ‘ಪ್ರವೇಶ’ ಒಂದೇ.

ಬನ್ನಿ.

ಇಂತಿ,
ತಮ್ಮ ಲೆಕ್ಕದ ಪ್ರಕಾರ ಒಂದೂವರೆ ಬೆರಳಿನ ಜಮೀನ್ದಾರ,
ಬೊನೆಫಾಸಿಯುಸ್ ಜೆಹರುತ್,
ಗೋಲೊ ತೆರಂಗ್ ಊರಿನ ಸಮಸ್ತರ ಮಾವ

(ಸಹಿಯನ್ನಷ್ಟೇ ಹಾಕಿದ್ದೇನೆ, ಹೆಬ್ಬೆಟ್ಟು ಒತ್ತಿಲ್ಲ. ಕಂಡರೆ ಅದನ್ನೂ ಅಳೆದುಬಿಡುತ್ತೀರಿ.)