ಅಜ್ಜನ ಪಾಲಿನ ಸಿನಿಮಾಗಳು

ಬ್ರೂಕ್‌ಫೀಲ್ಡ್, ಬೆಂಗಳೂರು
೨೩ ಸೆಪ್ಟೆಂಬರ್ ೨೦೨೫

ಪ್ರೀತಿಯ ನಿವೇದಿತಾ,

ಅಜ್ಜಿಯ ಆಶೀರ್ವಾದ. ಪುಣೆಯಲ್ಲಿ ಮಳೆ ಬಿಟ್ಟಿತೇ? ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲ್ ಊಟ ಸೇರುವುದಿಲ್ಲವೆಂದು ಬರೀ ಬಿಸ್ಕತ್ತಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮನ ಬೆನ್ನುನೋವು ಮಾತ್ರ ಇದ್ದೇ ಇದೆ. ಆಫೀಸಿಗೆ ಹೋಗಿ ಬರುವುದರೊಳಗೆ ಮಹದೇವಪುರದ ಟ್ರಾಫಿಕ್ಕು ಸೌಮ್ಯಾಳ ಅರ್ಧ ಜೀವ ತಿನ್ನುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಆಗೆಲ್ಲ ನಿಮ್ಮಪ್ಪ ಪಕ್ಕದಲ್ಲೇ ಕೂತಿರುತ್ತಾನೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ವಿಷಯ ನಮ್ಮ ಟಿವಿಯದು. ನೀನು ಹೋಗುವ ಮುಂಚೆ ಎಲ್ಲರ ಹೆಸರಿನಲ್ಲೂ ಒಂದೊಂದು ಪ್ರೊಫೈಲ್ ಮಾಡಿಕೊಟ್ಟಿದ್ದೆಯಲ್ಲ, ಅದರಲ್ಲಿ ‘ಅಜ್ಜ’ ಅನ್ನುವುದು ಇನ್ನೂ ಇದೆ. ಅಜ್ಜ ಹೋದದ್ದು ಟಿವಿಗೆ ಗೊತ್ತಿಲ್ಲ. ‘ಅಜ್ಜ, ನಿಮಗಾಗಿ’ ಎಂದು ಸಸ್ಪೆನ್ಸ್ ಸಿನಿಮಾಗಳನ್ನೂ, ಕೋಟೆ, ಗೋರಿ ಅಗೆಯುವ ಚರಿತ್ರೆಯ ಸಾಕ್ಷ್ಯಚಿತ್ರಗಳನ್ನೂ ಸಾಲಾಗಿ ಜೋಡಿಸಿಕೊಂಡು ಕಾಯುತ್ತದೆ. ನಿಮ್ಮಪ್ಪ ಅದನ್ನು ಕಂಡರೆ ಮುಖ ತಿರುಗಿಸುತ್ತಾನೆ. “ಅಮ್ಮಾ, ಅಪ್ಪನ ಪ್ರೊಫೈಲ್ ತೆಗೆದ್ಬಿಡ್ತೀನಿ. ಸುಮ್ನೆ ಯಾಕೆ?” ಅಂದ. ಹಬ್ಬ ಮುಗಿಯಲಿ ಕೊಟ್ರೇಶ ಎಂದು ತಡೆದೆ. ಅದೂ ಹೋದರೆ ನಿಮ್ಮಜ್ಜನಿಗೆ ಏನು ಇಷ್ಟವೆಂದು ಬಲ್ಲವಳು ಈ ಮನೆಯಲ್ಲಿ ನಾನೊಬ್ಬಳೇ ಆಗುತ್ತೇನೆ, ನನ್ನಿಂದ ಅದನ್ನು ತಡೆದುಕೊಳ್ಳಲಾಗದು.

ಇದರ ಮಧ್ಯೆ ಇನ್ನೊಂದು ಗೊಂದಲ. ರಿಮೋಟ್ ನನ್ನ ಕೈಗೆ ಪಳಗಿಲ್ಲ ನೋಡು, ಗೊತ್ತಿಲ್ಲದೆ ಅಜ್ಜನ ಪ್ರೊಫೈಲಿನಲ್ಲೇ ಒಂದಷ್ಟು ದಿನ ಅಡುಗೆ ಕಾರ್ಯಕ್ರಮ ನೋಡಿಬಿಟ್ಟೆ. ಆಮೇಲೆ ನೋಡಿದರೆ ಕೊಲೆಗಾರರಿದ್ದ ಜಾಗದಲ್ಲಿ ಕೇಕ್ ಮಾಡುವವರು ಬಂದು ಕೂತಿದ್ದಾರೆ! ಆವತ್ತಿನಿಂದ ಟಿವಿ ನಿಮ್ಮಜ್ಜನನ್ನು ಮರೆಯದಿರಲೆಂದು ಮಧ್ಯಾಹ್ನವೆಲ್ಲ ಸಸ್ಪೆನ್ಸ್ ಸಿನಿಮಾ ನೋಡುತ್ತಿದ್ದೇನೆ. ಯಾರು ಯಾರನ್ನು ಯಾಕೆ ಕೊಂದರೋ ಒಂದೂ ತಲೆಗೆ ಹೋಗುವುದಿಲ್ಲ. ಎಲ್ಲರೂ ಒಂದೇ ಥರದ ಕೋಟು ಹಾಕಿರುತ್ತಾರೆ. ಸತ್ತನೆಂದುಕೊಂಡವನು ಕೊನೆಯಲ್ಲಿ ಆರಾಮಾಗಿ ಕಾಫಿ ಕುಡಿಯುತ್ತಿರುತ್ತಾನೆ. ನಿಮ್ಮಜ್ಜ ಪಕ್ಕದ ಮನೆಯ ಇರಣ್ಣನವರನ್ನು ಲಿಫ್ಟಿನಲ್ಲಿ ಹಿಡಿದು, “ಇದನ್ನ ತಪ್ಪಿಸ್ಬ್ಯಾಡ್ರಿ, ಕೊಲೆ ಮಾಡಿದ್ದು ಯಾರು ಅಂತ ಮಾತ್ರ ಹೇಳಲ್ಲ” ಎಂದು ಶುರುಮಾಡಿ, ಕೆಳಗೆ ತಲುಪುವುದರೊಳಗೆ ಹೇಳಿಯೇ ಬಿಡುತ್ತಿದ್ದರು. ಪಾಪ, ಇರಣ್ಣನವರು ಗೊತ್ತಿದ್ದೂ ನೋಡುತ್ತಿದ್ದರು. ನೀನು ಅಜ್ಜನಿಗೆ ಹಿಡಿಸುವಂಥ ಸಿನಿಮಾ, ಸಾಕ್ಷ್ಯಚಿತ್ರಗಳ ಹೆಸರು ಒಂದಷ್ಟು ತಿಳಿಸು. ರಕ್ತ ಸ್ವಲ್ಪ ಕಡಿಮೆ ಇರಲಿ.

ಮೊನ್ನೆ ಭಾನುವಾರ ಹಿರಿಯರ ಹಬ್ಬ ಮಾಡಿದೆವು. ನಿಮ್ಮಜ್ಜನಿಗೆ ಎಡೆ ಇಟ್ಟದ್ದು ಇದೇ ಮೊದಲು. ಅವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ. ಹೋಳಿಗೆ, ವಡೆ, ಕುಂಬಳಕಾಯಿ ಪಲ್ಯ, ಹೊಸ ಪಂಚೆ ಎಲ್ಲ ಇಟ್ಟರೂ ಏನೋ ಬಿಟ್ಟುಹೋದ ಹಾಗೆ. ಅದಕ್ಕೇ ಬೆಳಿಗ್ಗೆಯೇ ಅವರ ಫೋಟೋದ ಎದುರು, ಹಾಲ್‌ನ ಟಿವಿಯಲ್ಲಿ, ಹಳೇ ಕಾಲುವೆ ಕೆರೆಗಳ ಸಾಕ್ಷ್ಯಚಿತ್ರ ಹಾಕಿಟ್ಟೆ. ಕಂತಿನ ಮೇಲೆ ಕಂತು ತಾನಾಗಿ ಓಡುತ್ತಿತ್ತು. ನಿಮ್ಮಮ್ಮ ನಕ್ಕಳು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿಕೊಂಡು ಮೂವರೂ ಲಿಫ್ಟಿನ ಹತ್ತಿರ ನಿಂತೆವು. ಇರಣ್ಣನವರು ಕಂಡು, “ಕೀ ಒಳಗೇ ಬಿಟ್ರಾ?” ಎಂದು ಕೇಳಿ, ಆಮೇಲೆ ಅರ್ಥವಾಗಿ ಚಪ್ಪಲಿ ಬಿಟ್ಟು ನಮ್ಮ ಜೊತೆ ನಿಂತರು. ಟಿವಿಯ ಮಾತು ಹೊರಗೂ ಕೇಳುತ್ತಿತ್ತು. ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ನಾನೇ ಏನಾದರೂ ತಪ್ಪು ಒತ್ತಿದ್ದೆನೋ ಏನೋ, ಇವತ್ತಿಗೂ ತಿಳಿಯದು. ಅಂತೂ ಹಬ್ಬ ಚೆನ್ನಾಗಿ ಆಯಿತು.

ಮೈ ನೋಡಿಕೋ, ಚೆನ್ನಾಗಿ ಓದು. ದೀಪಾವಳಿಗೆ ಬರುವಾಗ ನಿನ್ನ ರೂಮಿನ ಹುಡುಗಿಯನ್ನೂ ಕರೆದುಕೊಂಡು ಬಾ.

ನಿನ್ನ ಅಜ್ಜಿ,
ಮಹಾದೇವಿ

ತಾ.ಕ.: ಬರೆಯುವುದೋ ಬೇಡವೋ ಎಂದು ಬಿಟ್ಟಿದ್ದೆ. ಬಾಗಿಲು ತೆಗೆದಾಗ ಟಿವಿಯ ಮೇಲೆ, “ಅಜ್ಜ, ಇನ್ನೂ ನೋಡುತ್ತಿದ್ದೀರಾ?” ಎಂದಿತ್ತು. ಕೊಟ್ರೇಶ ರಿಮೋಟ್ ತೆಗೆದುಕೊಂಡ. ಇನ್ನೇನು ಅಳಿಸಿಬಿಡುತ್ತಾನೆ ಅಂದುಕೊಂಡೆ. ಅವನು ‘ಹೌದು’ ಒತ್ತಿದ. ಅಜ್ಜ ಹೋದ ದಿನವೂ ಕಣ್ಣೀರು ಹಾಕದವನು ಎಡೆಯ ಮುಂದೆ ಕೂತು ಗಟ್ಟಿಯಾಗಿ ಅತ್ತುಬಿಟ್ಟ. ಸಮಾಧಾನ ಮಾಡಬೇಕೋ, ಅಳಲು ಬಿಡಬೇಕೋ ತಿಳಿಯದೆ ಅವನ ಪಕ್ಕದಲ್ಲಿ ಹೋಗಿ ಕೂತೆ. ಇದು ಸಿಕ್ಕಿದ ತಕ್ಷಣ ಅವನಿಗೊಂದು ಫೋನ್ ಮಾಡು. ಆ ಸಿನಿಮಾಗಳ ಹೆಸರುಗಳನ್ನೂ ಅವನಿಗೇ ಹೇಳು, ಇನ್ನು ಮೇಲೆ ಅವನೇ ನೋಡುತ್ತಾನಂತೆ.