ಗಿರಣಿ ಹಾಡು ಕೇಳಿದವನು

ಹುಮನಾಬಾದ
೧೬ ನವೆಂಬರ್ ೨೦೨೫, ಭಾನುವಾರ

ಪ್ರಿಯ ದಿಗಂಬರ,

ನಿನ್ನ ಮದುವೆಯ ಕಾರ್ಡಿನ ಹಿಂಬದಿಯಲ್ಲಿ, ‘ತಪ್ಪದೆ ಬಾ, ಮುಂದಿನ ಸಾಲಿನಲ್ಲಿ ನಿನಗೆ ಜಾಗ ಇಟ್ಟಿರುತ್ತೇನೆ’ ಎಂದು ಕೈಯಾರೆ ಬರೆದು ಕಳಿಸಿದ್ದೆ. ಅದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ತಡವಾಯಿತು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಇತ್ತು ಎಂದು ಬರೆಯಲು ಹೊರಟು ಒಂದು ಹಾಳೆ ಹರಿದು ಹಾಕಿದೆ. ನಿನ್ನ ಮದುವೆಯ ವಾರದಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ. ನಾನು ಬರಲಿಲ್ಲ, ಅಷ್ಟೇ.

ನಾವು ಇಲ್ಲಿ ಆರಾಮ ಇದ್ದೇವೆ. ಕಳೆದ ವರ್ಷ ನಾನು ನಿವೃತ್ತನಾದೆ. ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದ್ದಕ್ಕೆ ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿದರು. ನನ್ನ ಹೆಂಡತಿ ಮನೀಷಾಳಿಗೆ ಮೊಣಕಾಲು ನೋವು. ಮಾಳಿಗೆಯ ಮೇಲೆ ಹತ್ತು ಸುತ್ತು ಹಾಕಿ ಹನ್ನೆರಡು ಎನ್ನುತ್ತಾಳೆ. ಅಪ್ಪ ಹೋಗಿ ಇಪ್ಪತ್ತು ವರ್ಷವಾಯಿತು. ಅವ್ವ ಹೋಗಿ ಹನ್ನೊಂದು. ಬಸವಕಲ್ಯಾಣದ ಮನೆಯನ್ನೂ ಗಿರಣಿಯನ್ನೂ ತಮ್ಮ ನೋಡಿಕೊಳ್ಳುತ್ತಾನೆ. ನಿಮ್ಮವ್ವ ಸುಂದರಬಾಯಿ ಇನ್ನೂ ಗಟ್ಟಿಯಾಗಿದ್ದಾರೆ, ಕನ್ನಡಕವಿಲ್ಲದೆ ಅಕ್ಕಿ ಹಸನು ಮಾಡುತ್ತಾರೆ ಎಂದು ನಿನ್ನ ಮಗಳು ಸರಿತಾ ಹೇಳಿದಳು.

ಸರಿತಾ ನನಗೆ ಹೇಗೆ ಗೊತ್ತು ಎಂದು ನಿನಗೆ ಆಶ್ಚರ್ಯವಾಗಬಹುದು. ಅದನ್ನು ಹೇಳಲೆಂದೇ ಈ ಪತ್ರ.

ನಿವೃತ್ತನಾದ ಮೇಲೆ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಮೊಬೈಲು ಹಿಡಿದು ಕೂತಿದ್ದಾಗ ಕ್ಲೈವ್ ಆರ್ಡೆನ್ ಅಭಿಮಾನಿಗಳ ಒಂದು ಗುಂಪು ಕಣ್ಣಿಗೆ ಬಿತ್ತು. ಹೌದು, ನಮ್ಮ ಕ್ಲೈವ್ ಆರ್ಡೆನ್, ಆ ಇಂಗ್ಲಿಷ್ ಪಿಯಾನೋದವನು. ನಮ್ಮಿಬ್ಬರನ್ನು ಬಿಟ್ಟು ಅವನ ಹಾಡು ಇನ್ಯಾರೂ ಕೇಳಿಲ್ಲ ಎಂದೇ ನಾನು ತಿಳಿದಿದ್ದೆ. ಅಲ್ಲಿ ನೋಡಿದರೆ ಒಂಬತ್ತು ಸಾವಿರ ಜನ! ಸ್ಕಾಟ್ಲೆಂಡಿನ ಒಬ್ಬ ಅಂಚೆಯಣ್ಣ, ಕೆನಡಾದ ಒಬ್ಬ ನರ್ಸಮ್ಮ, ಪುಣೆಯ ಶೈಲೇಶ ಎಂಬ ಎಂಜಿನಿಯರು. ಈ ಶೈಲೇಶನೇ ಗುಂಪು ನಡೆಸುವವನು. ಆರ್ಡೆನ್‌ಗೆ ಈಗ ಎಪ್ಪತ್ತೆಂಟು ವರ್ಷವಂತೆ. ಬೆರಳು ನಡುಗುತ್ತವೆ, ಇನ್ನು ವೇದಿಕೆ ಹತ್ತುವುದಿಲ್ಲ ಎಂದು ಹೇಳಿದ್ದಾನಂತೆ. ಅಂದಿನಿಂದ ಗುಂಪಿನಲ್ಲಿ ದಿನವೂ ಅದೇ ಜಗಳ. ಸಣ್ಣ ಕೋಣೆಯಲ್ಲಿ ಒಬ್ಬನೇ ಕೂತು ನುಡಿಸಿದ ಮೊದಲ ಮೂರು ರೆಕಾರ್ಡುಗಳೇ ನಿಜವಾದ ಆರ್ಡೆನ್ ಎಂದು ಕೆಲವರು. ಮೈದಾನ ತುಂಬಿಸಿದ, ಹಿಂದೆ ಮೂವತ್ತು ಪಿಟೀಲು ನಿಲ್ಲಿಸಿದ ಆರ್ಡೆನ್ನೇ ದೊಡ್ಡವನು ಎಂದು ಇನ್ನು ಕೆಲವರು.

ಒಂದು ದಿನ ನಾನೂ ಬಾಯಿ ಹಾಕಿದೆ. ‘ಮೊದಲ ಹಾಡುಗಳಲ್ಲಿ ಅವನ ಎಡಗೈ ನಮ್ಮ ಜೊತೆ ಮಾತಾಡುತ್ತದೆ, ಆಮೇಲಿನ ಹಾಡುಗಳಲ್ಲಿ ಬಲಗೈ ಬರೀ ಕೂಗುತ್ತದೆ’ ಎಂದು ಬರೆದೆ.

ಈ ಮಾತು ಯಾರದು ಎಂದು ನಿನಗೆ ಗೊತ್ತು. ಅಜರ್‌ನ ರೇಡಿಯೋ ಅಂಗಡಿಯ ಹಿಂದೆ ಖಾಲಿ ಪೆಟ್ಟಿಗೆಯ ಮೇಲೆ ಕೂತು ನೀನು ನನ್ನ ತೊಡೆ ತಟ್ಟಿ ಹೇಳಿದ್ದೆ: “ಗುರ್ಯಾ, ಕೇಳಿಲ್ಲಿ. ಈ ಕಡೀಗ ಅವನ ಎಡಗೈ ನಮ್ ಜೋಡಿ ಮಾತಾಡ್ತದ. ಕ್ಯಾಸೆಟ್ ಹೊಳ್ಳಿ ಹಾಕಿದ್ರ ಬಲಗೈ ಬರೇ ಒದರ್ತದ.” ನಮಗೆ ಆಗ ಹದಿನೇಳು. ನನಗೆ ಎಡಗೈ ಯಾವುದು ಬಲಗೈ ಯಾವುದು ಎಂದು ಕೇಳಿಸುತ್ತಲೇ ಇರಲಿಲ್ಲ. ನೀನು ತೋರಿಸಿದ ಮೇಲೆ ಕೇಳಿಸಿತು.

ಆ ಒಂದು ಸಾಲಿಗೆ ನೂರಾರು ಜನ ಮೆಚ್ಚುಗೆ ಹಾಕಿದರು. ಅಂಚೆಯಣ್ಣ, ನಲವತ್ತು ವರ್ಷದಿಂದ ಹೇಳಲು ಬಾರದೆ ಒದ್ದಾಡಿದ್ದನ್ನು ನೀವು ಹೇಳಿಬಿಟ್ಟಿರಿ ಎಂದ. ಶೈಲೇಶ ಆ ಸಾಲನ್ನು ಗುಂಪಿನ ಮುಖಪುಟದ ಚಿತ್ರದ ಮೇಲೆ ಬರೆಸಿ ಕೆಳಗೆ ನನ್ನ ಹೆಸರು ಹಾಕಿದ. ನಾನು ಬೇಡ ಅನ್ನಲಿಲ್ಲ. ದಿಗಂಬರ, ಮೂವತ್ತೈದು ವರ್ಷ ಪಾಠ ಹೇಳಿದೆ. ನಾನು ಹೇಳಿದ ಒಂದು ಮಾತನ್ನೂ ಯಾರೂ ಹೀಗೆ ಬರೆದಿಟ್ಟುಕೊಂಡಿರಲಿಲ್ಲ.

ನಿಮ್ಮ ಆ ಸಣ್ಣ ಊರಿಗೆ ಆರ್ಡೆನ್ ಹೇಗೆ ಬಂದ, ಬರೆಯಿರಿ ಎಂದು ಶೈಲೇಶ ಗಂಟುಬಿದ್ದ. ನಾನು ಉದ್ದಕ್ಕೆ ಬರೆದೆ. ದುಬೈನಿಂದ ತನ್ನಣ್ಣ ಕಳಿಸಿದ ಕ್ಯಾಸೆಟ್ಟುಗಳಲ್ಲಿ ಹೊದಿಕೆಯಿಲ್ಲದ ಒಂದನ್ನು ಎತ್ತಿ ಅಜರ್, “ಯೇ ಅಂಗ್ರೇಜಿ ಕೌನ್ ಸುನ್ತಾ ರೇ, ತೂ ಲೇಜಾ” ಎಂದು, ಕೇಳುವವರಿಲ್ಲವೆಂದು ಪುಕ್ಕಟೆ ಕೊಟ್ಟದ್ದು, ಮಾತು ತಿಳಿಯದ್ದರಿಂದ ಹಾಡುಗಳಿಗೆ ಕನ್ನಡದ ಹೆಸರಿಟ್ಟದ್ದು, ಎಡಗೈ ಗಿರಣಿಯ ಬೆಲ್ಟಿನ ಹಾಗೆ ಓಡುವುದಕ್ಕೆ ಒಂದನ್ನು ‘ಗಿರಣಿ ಹಾಡು’ ಎಂದು ಕರೆದದ್ದು, ಆ ಹಾಡನ್ನು ಕಿವಿಯಿಂದಲೇ ಹಿಡಿದು ಹಾರ್ಮೋನಿಯಂ ಪೇಟಿಯ ಮೇಲೆ ನುಡಿಸಿದ್ದು, ಎಲ್ಲ ಬರೆದೆ. ಎಲ್ಲವೂ ನಡೆದದ್ದೇ. ಆದರೆ ಅಜರ್ ಕ್ಯಾಸೆಟ್ ಕೊಟ್ಟದ್ದು ನನಗೆ ಎಂದು ಬರೆದೆ. ಹೆಸರಿಟ್ಟವನು ನಾನು, ನುಡಿಸಿದವನು ನಾನು. ಪೇಟಿಯ ಮೇಲೆ ‘ಸ’ ಎಲ್ಲಿದೆ ಎಂದು ಹುಡುಕಲು ಇವತ್ತಿಗೂ ನನಗೆ ಬರುವುದಿಲ್ಲ. ಆ ಇಡೀ ಬರಹದಲ್ಲಿ ನಿನ್ನ ಹೆಸರಿರಲಿಲ್ಲ. ‘ಒಬ್ಬ ಗೆಳೆಯ’ ಎಂದೂ ಇರಲಿಲ್ಲ.

ಅದಾದ ನಾಲ್ಕನೆಯ ದಿನ ಸರಿತಾಳ ಸಂದೇಶ ಬಂತು, ನನಗೊಬ್ಬನಿಗೇ. ಅವಳು ಬರೆದದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ: “ನಮಸ್ಕಾರ್ರಿ ಸರ. ನಾ ಹುಲಸೂರಿನಾಕಿ. ಗಿರಣಿ ಹಾಡು ಅಂತ ನಮ್ಮಪ್ಪಾನೂ ಅಂತಾರ್ರಿ. ಎಡಗೈ ಮಾತೂ ನಾವು ಸಣ್ಣವರಿದ್ದಾಗಿಂದ ಕೇಳೇವ್ರಿ. ನೀವು ಬಸವಕಲ್ಯಾಣದ ಗುರುಶಾಂತ ಕಾಕಾ ಏನ್ರಿ? ಅಪ್ಪ ನಿಮ್ಮ ಬಗ್ಗೆ ಭಾಳ ಹೇಳ್ತಾರ್ರಿ. ನೀವು ಸಿಕ್ಕೀರಂತ ಅವರಿಗಿ ಹೇಳ್ಲಿರಿ?”

ಅದರಲ್ಲಿ ಒಂದು ಆಪಾದನೆಯೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ನಾನು ಉತ್ತರ ಬರೆದೆ, ಅದೂ ಇಂಗ್ಲಿಷಿನಲ್ಲಿ: ನೀವು ಬೇರೆ ಯಾರನ್ನೋ ತಿಳಿದುಕೊಂಡಿದ್ದೀರಿ, ನಿಮ್ಮ ತಂದೆಯ ಪರಿಚಯ ನನಗಿಲ್ಲ. ಆಮೇಲೆ ಅವಳಿಂದ ಸಂದೇಶ ಬಾರದ ಹಾಗೆ ಬಂದ್ ಮಾಡಿದೆ. ಒಂದು ಗುಂಡಿ ಒತ್ತಿದರೆ ಆಗುತ್ತದೆ ಆ ಕೆಲಸ.

ಮರುದಿನ ಅವಳು ಗುಂಪಿನಲ್ಲಿ ಒಂದು ಫೋಟೋ ಹಾಕಿದಳು. ಅದೇ ಕ್ಯಾಸೆಟ್ಟು. ಅದರ ಮೇಲೆ ನೀಲಿ ಮಸಿಯಲ್ಲಿ ನಿನ್ನ ದುಂಡಗಿನ ಅಕ್ಷರ: ೧. ಗಿರಣಿ ಹಾಡು, ೨. ಹಲ್ಲುನೋವಿನ ಹಾಡು. ನಮ್ಮ ತಂದೆಯ ಬಳಿಯೂ ಇದೆ ಎಂದಷ್ಟೇ ಕೆಳಗೆ ಬರೆದಿದ್ದಳು. ಶೈಲೇಶ ಕೂಡಲೇ ನನಗೆ ಫೋನು ಮಾಡಿದ. ಈ ಹುಡುಗಿ ಯಾರು, ನಿಮಗೆ ಗೊತ್ತೇ ಎಂದು ಕೇಳಿದ. ನಾನು ಹೇಳಿದೆ: ಹೆಸರಿಗೋಸ್ಕರ ಹೀಗೆಲ್ಲ ಮಾಡುವವರು ಇರುತ್ತಾರೆ, ನನ್ನ ಬರಹ ನೋಡಿ ಹಳೆಯ ಕ್ಯಾಸೆಟ್ಟಿನ ಮೇಲೆ ಬರೆದುಕೊಂಡಿದ್ದಾಳೆ. ಸಂಜೆಯೊಳಗೆ ಸರಿತಾಳನ್ನು ಗುಂಪಿನಿಂದ ತೆಗೆದು ಹಾಕಿದರು. ಒಬ್ಬಿಬ್ಬರು ನನಗೆ ಸಮಾಧಾನದ ಮಾತನ್ನೂ ಬರೆದರು. ನಾನು ಅವರಿಗೆ ಧನ್ಯವಾದ ಹೇಳಿದೆ.

ಎರಡು ವಾರ ಹೇಗೋ ಕಳೆದೆ. ಗುಂಪು ತೆರೆದರೆ ಆ ಸಾಲು, ಕೆಳಗೆ ನನ್ನ ಹೆಸರು. ತೆರೆಯದಿದ್ದರೆ ನಿನ್ನ ಅಕ್ಷರ ಕಣ್ಣ ಮುಂದೆ. ಕೊನೆಗೆ ಕಳೆದ ಮಂಗಳವಾರ ಮನೀಷಾಳಿಗೆ ಬಸವಕಲ್ಯಾಣಕ್ಕೆ ಹೋಗುತ್ತೇನೆ ಎಂದು ಹೇಳಿ, ಅಲ್ಲಿ ಇಳಿದು ಹುಲಸೂರಿನ ಬಸ್ಸು ಹತ್ತಿದೆ. ನಿನ್ನ ಮುಂದೆ ನಿಂತು ಎಲ್ಲ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ನಿನ್ನ ರಿಪೇರಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ; ರೇಡಿಯೋ ದಿಗಂಬರ ಎಂದರೆ ಎಲ್ಲರೂ ಕೈ ತೋರಿಸಿದರು.

ನೀನಿರಲಿಲ್ಲ. ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಕೆಳಗೆ ಸರಿತಾ ಒಂದು ಮೊಬೈಲು ಬಿಚ್ಚಿಕೊಂಡು ಕೂತಿದ್ದಳು. ಗುಂಪಿನಲ್ಲಿ ನನ್ನ ಮುಖದ ಬದಲು ಪಿಯಾನೋ ಚಿತ್ರ ಹಾಕಿದ್ದೆ. ಹಾಗಾಗಿ ಅವಳಿಗೆ ಗುರುತು ಸಿಗಲಿಲ್ಲ.

“ಅಪ್ಪ ಮುಡಬಿಗಿ ಹೋಗ್ಯಾರ್ರಿ. ಮದಿವಿ ಮನ್ಯಾಗ ಆಂಪ್ಲಿಫೈಯರ್ ಕೆಟ್ಟದಂತ. ಕುಂದರ್ರಿ, ಚಹಾ ತರಸ್ತೇನಿ” ಎಂದಳು.

ಕೂತೆ. “ನಿಮ್ಮಪ್ಪ ಪೇಟಿ ಬಾರಸ್ತಾರಂತ ಕೇಳಿದ್ದೆ” ಎಂದೆ.

“ಅಪ್ಪ? ಇಲ್ರಿ! ಕೇಳ್ತಾರ ಅಷ್ಟ. ನಾ ಕಲೀತೇನಂದಾಗ ಕೀಬೋರ್ಡ್ ತಂದುಕೊಟ್ರು. ದೂರ ಕುಂತು ಎಲ್ಲಿ ತಪ್ಪಿದೆ ಅಂತ ಹೇಳ್ತಾರ. ಖುದ್ ಮುಟ್ಟಂಗಿಲ್ಲ. ಯಾಕ ಅಂದ್ರ ನಕ್ಕೊಂಡು ಸುಮ್ನಾಗ್ತಾರ.”

ಆಮೇಲೆ ತಾನಾಗಿಯೇ ಗುಂಪಿನ ಸುದ್ದಿ ತೆಗೆದಳು. ಹೀಗೊಬ್ಬರು ಹುಮನಾಬಾದದವರು ಅಪ್ಪನ ಮಾತು ತಮ್ಮದೆಂದು ಬರೆದುಕೊಂಡಿದ್ದಾರೆ, ಕೇಳಿದ್ದಕ್ಕೆ ತನ್ನನ್ನೇ ಹೊರಗೆ ಹಾಕಿದರು ಎಂದಳು. ಹೇಳುವಾಗ ಅವಳ ಕೈಯ ಸ್ಕ್ರೂಡ್ರೈವರು ನಿಂತಿತ್ತು.

“ಅಪ್ಪಗ ಹೇಳೀಯೇನು?” ಎಂದೆ.

“ಹೇಳ್ದೇನ್ರಿ. ಅಪ್ಪ ನಂಬಲಿಲ್ಲ. ‘ಅಂವ ನಮ್ಮ ಗುರ್ಯಾ ಅಲ್ಲವ್ವಾ, ಹೆಸರು ಒಂದ ಇರಬಹುದು. ಗುರ್ಯಾ ಇದ್ರ ಮೊದಲ ನನ್ನ ಹೆಸರ ಬರೀತಿದ್ದ’ ಅಂದ್ರು.”

ಚಹಾ ಬಂದಿತ್ತು. ನಾನು ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವಳು ಬಾಗಿಲವರೆಗೆ ಬಂದು, “ಯಾರು ಬಂದಿದ್ರಂತ ಹೇಳ್ಲಿರಿ?” ಎಂದು ಕೇಳಿದಳು.

“ಇನ್ನೊಮ್ಮೆ ಬರ್ತೇನಿ” ಎಂದೆ. ಹೆಸರು ಹೇಳಲಿಲ್ಲ.

ಮನೆಗೆ ಬಂದವನೇ ಗುಂಪಿನಲ್ಲಿ ನಿಜ ಬರೆದೆ. ಮಾತು ದಿಗಂಬರನದು, ಕ್ಯಾಸೆಟ್ಟು ದಿಗಂಬರನದು, ನುಡಿಸಿದವನು ದಿಗಂಬರ; ಅವನ ಮಗಳನ್ನು ಸುಳ್ಳುಗಾತಿ ಎಂದವನು ನಾನು. ಛೀಮಾರಿ ಹಾಕುತ್ತಾರೆ ಎಂದು ಕಾದು ಕೂತೆ. ಆದದ್ದು ಬೇರೆ. ಎಂಥ ಧೈರ್ಯ, ಎಂಥ ಪ್ರಾಮಾಣಿಕತೆ ಎಂದು ಒಬ್ಬರ ಮೇಲೊಬ್ಬರು ಬರೆದರು. ನರ್ಸಮ್ಮ ಓದಿ ಅತ್ತಳಂತೆ. ಕದ್ದದ್ದಕ್ಕೂ ಹೊಗಳಿಕೆ ಸಿಕ್ಕಿತ್ತು, ಒಪ್ಪಿಕೊಂಡದ್ದಕ್ಕೂ ಸಿಕ್ಕಿತು. ಸತ್ಯ ಹೇಳಬೇಕೆಂದರೆ, ಓದುತ್ತಾ ಓದುತ್ತಾ ನನಗೆ ಒಳಗೊಳಗೇ ಹಿತವೆನಿಸತೊಡಗಿತ್ತು. ಅದು ಗೊತ್ತಾದಾಗ ಮೊಬೈಲನ್ನು ತಲೆದಿಂಬಿನ ಕೆಳಗೆ ತುರುಕಿದೆ. ಮನೀಷಾಳ ಎದುರು ಕೂತು ಎಲ್ಲ ಹೇಳಿದೆ. ಅವಳು ಮೊಣಕಾಲು ನೀವಿಕೊಳ್ಳುತ್ತಾ ಕೇಳಿ, ಕೊನೆಗೆ ಒಂದೇ ಮಾತು ಅಂದಳು: “ಜಗತ್ತಿಗೆಲ್ಲಾ ಹೇಳೀರಿ. ಆ ಮನಷ್ಯಾಗ ಹೇಳೀರೇನು?”

ಅದಕ್ಕೇ ಈ ಪತ್ರ. ಶೈಲೇಶ ಸರಿತಾಳ ಕ್ಷಮೆ ಕೇಳಿ ಅವಳನ್ನು ಮತ್ತೆ ಸೇರಿಸಿಕೊಂಡಿದ್ದಾನೆ. ಮುಖಪುಟದ ಸಾಲಿನ ಕೆಳಗೆ ಈಗ ನಿನ್ನ ಹೆಸರಿದೆ: ದಿಗಂಬರ, ಹುಲಸೂರ. ಅಂಗಡಿಗೆ ಬಂದು ಹೋದವನು ಯಾರೆಂದು ಅವಳಿಗೆ ನೀನೇ ಹೇಳು, ನನ್ನಿಂದ ಆಗಲಿಲ್ಲ. ಒಳ್ಳೆಯ ಮಗಳನ್ನು ಬೆಳೆಸಿದ್ದೀಯ. ಅವಳ ಕೈಗೆ ಬೇಕಾದಷ್ಟು ಹಾಡು ಬರಲಿ, ಅವಳ ಮಾತನ್ನು ಯಾರೂ ಕಸಿಯದಿರಲಿ. ನಿಮ್ಮವ್ವನಿಗೆ ನನ್ನ ಶರಣು ತಿಳಿಸು. ಬೇಡವೆನಿಸಿದರೆ ತಿಳಿಸಬೇಡ.

ನಿನ್ನ
ಗುರುಶಾಂತ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದೆ. ಗುಂಪಿನವರಿಗೂ ಮನೀಷಾಳಿಗೂ ಹೇಳದ್ದು ಒಂದಿದೆ.

ನೀನು ಪೇಟಿ ನುಡಿಸಿದ ದಿನ ನಮ್ಮ ಮನೆಯವರೆಲ್ಲ ಮನ್ನಾಏಖೇಳ್ಳಿಗೆ ಹೋಗಿದ್ದರು. ಭಜನೆಯ ಪೇಟಿ ಪಡಸಾಲೆಯಲ್ಲಿತ್ತು. ನೀನು ಹೊಸ್ತಿಲ ಹೊರಗೇ ನಿಂತು “ಬ್ಯಾಡೋ” ಅಂದೆ; ನಾನೇ ಕೈ ಹಿಡಿದು ಎಳೆದು ತಂದೆ. ನೀನು ಗಿರಣಿ ಹಾಡು ಮುಗಿಸುವ ಮೊದಲೇ ಅಪ್ಪ ಭಜನೆಯವರ ಜೊತೆ ಬಾಗಿಲಲ್ಲಿ ನಿಂತಿದ್ದರು. “ಇವಗ ಯಾರು ಒಳಗ ಕರದವ್ರು?” ಎಂದು ಕೇಳಿದರು. ನಾನು, “ನಾ ಕರದಿಲ್ಲ” ಎಂದೆ. ನೀನು ನನ್ನ ಮುಖವನ್ನು ಒಂದು ಸಲ ನೋಡಿದೆ. ಆಮೇಲೆ, “ಹೌದ್ರಿ ಸಾವಕಾರ್ರ, ಯಾರೂ ಕರದಿಲ್ರಿ. ನಾನ ಬಂದೇನ್ರಿ” ಎಂದೆ. ಇಷ್ಟು ನಿನಗೂ ಗೊತ್ತು.

ನಿನ್ನನ್ನು ಅಂಗಳ ದಾಟಿಸಿದ ಮೇಲೆ ಅಪ್ಪ, ಗಿರಣಿಯಲ್ಲಿ ಕಾಳು ಹಸನು ಮಾಡುತ್ತಿದ್ದ ನಿಮ್ಮವ್ವನನ್ನು ಕರೆಸಿದರು. ನೀನು ಕೂತ ನೆಲ ತೊಳೆದು ಪೇಟಿ ಒರೆಸಬೇಕು. ನಾನು ನಿಂತು ನೋಡಿಕೊಳ್ಳಬೇಕು. ನಿಮ್ಮ ಮನೆಗೆ ಬಂದಾಗಲೆಲ್ಲ ನನಗೆ ಬಿಸಿ ರೊಟ್ಟಿ ಬಡಿದು ಹಾಕಿದ ಕೈ ಅದು. ಪೇಟಿಯ ಬಿಳಿ, ಕರಿ ಪಟ್ಟಿಗಳನ್ನು ಒಂದೊಂದಾಗಿ ಒರೆಸಿದರು. ಮುಗಿಸಿ, ತಲೆ ಎತ್ತದೆ, “ಸಾಕೇನಪ್ಪಾ ಗುರುಶಾಂತಾ?” ಎಂದು ಕೇಳಿದರು.

ಅಪ್ಪ ಆಗಲೇ ಒಳಗೆ ಹೋಗಿದ್ದರು. ಭಜನೆಯವರೂ ಇರಲಿಲ್ಲ. ಪಡಸಾಲೆಯಲ್ಲಿ ನಾವಿಬ್ಬರೇ.

ನಾನು, “ಇನ್ನೊಮ್ಮೆ ಒರಸು” ಎಂದೆ.

ಅವರು ಒರೆಸಿದರು. ಇದನ್ನು ಅವರು ನಿನಗೆ ಹೇಳಿದ್ದಾರೋ ಇಲ್ಲವೋ ತಿಳಿಯದು. ಹೇಳಿರಲಾರರು, ಹೇಳಿದ್ದರೆ ನೀನು ನನಗಾಗಿ ಮುಂದಿನ ಸಾಲಿನಲ್ಲಿ ಜಾಗ ಇಡುತ್ತಿರಲಿಲ್ಲ.